ಉಸಿರಾಡುವ ಬಾವಿಗೆ ಹತ್ತೊಂಬತ್ತು ಸಾಲು

ವಿಶ್ವಕೋಶದ ಕಚೇರಿಯಲ್ಲಿ ಅವರಿಗೆ ಕತ್ತರಿ ಮೇಡಂ ಎಂದೇ ಹೆಸರು. ಎದುರಿಗೆ ಬರೀ ಮೇಡಂ, ಬೆನ್ನ ಹಿಂದೆ ಕತ್ತರಿ ಸೇರಿಕೊಳ್ಳುತ್ತಿತ್ತು. ಇದು ಅವರಿಗೂ ಗೊತ್ತಿತ್ತು. ಮೊದಮೊದಲು ಬೇಜಾರಾಗಿತ್ತು, ಆಮೇಲೆ ಅಭ್ಯಾಸವಾಯಿತು. ಮೂವತ್ತೊಂದು ವರ್ಷ ಅದನ್ನೇ ಕೇಳಿ ಕೇಳಿ ಈಗ ಬೇಜಾರು ಮಾಡಿಕೊಳ್ಳುವುದಕ್ಕೂ ಸುಸ್ತು.

ಅವರ ಕೆಲಸವೇ ಅಂಥದ್ದು. ಕಲ್ಲು, ಮಣ್ಣು, ನದಿ, ಗುಡ್ಡ, ಭೂಕಂಪ, ಹೀಗೆ ಭೂಮಿಗೆ ಸಂಬಂಧಪಟ್ಟದ್ದೆಲ್ಲ ಅವರ ಮೇಜಿಗೆ ಬರುತ್ತಿತ್ತು. ವಿದ್ವಾಂಸರು ಹತ್ತು ಪುಟ ಬರೆದು ಕಳಿಸಿದರೆ ಅಚ್ಚಿಗೆ ಹೋಗುವ ಹೊತ್ತಿಗೆ ಅದು ಎರಡು ಪುಟವಾಗಿರುತ್ತಿತ್ತು. ಒಬ್ಬ ಪ್ರಾಧ್ಯಾಪಕರಂತೂ ತಮ್ಮ ಜ್ವಾಲಾಮುಖಿಯ ಲೇಖನ ನೋಡಿ, "ಬೆಂಕಿಯನ್ನೆಲ್ಲ ತೆಗೆದು ಬೂದಿ ಉಳಿಸಿದ್ದೀರಲ್ಲಮ್ಮ" ಎಂದು ಫೋನಿನಲ್ಲಿ ಅಳುವುದೊಂದೇ ಬಾಕಿ ಎಂಬಂತೆ ಮಾತಾಡಿದ್ದರು. ಕತ್ತರಿ ಮೇಡಂ ಸಮಾಧಾನವಾಗಿ, "ಬೂದಿಗೇ ಜಾಗ ಸಾಲ್ತಿಲ್ಲ ಸರ್" ಎಂದಿದ್ದರು.

ಈಗ ಅವರಿಗೆ ಐವತ್ತೇಳು. ನಿವೃತ್ತಿಗೆ ಇನ್ನೊಂದು ವರ್ಷ. ಮೊದಲ ಆವೃತ್ತಿ ಬಂದು ಮೂರು ದಶಕವಾಗುತ್ತಿತ್ತು. ಅದನ್ನು ತಿದ್ದಿ ಹೊಸದಾಗಿ ತರುವ ಕೆಲಸ ನಡೆದಿತ್ತು. ಮೇಲಿನಿಂದ ಬಂದ ಅಪ್ಪಣೆ ಒಂದೇ: ಯಾವ ಸಂಪುಟದ ಪುಟಸಂಖ್ಯೆಯೂ ಹೆಚ್ಚಬಾರದು. ಪ್ರಪಂಚ ಮೂವತ್ತು ವರ್ಷ ಬೆಳೆದಿದ್ದರೂ ಪುಸ್ತಕ ಮಾತ್ರ ಬೆಳೆಯುವ ಹಾಗಿಲ್ಲ. ಅವರ ಕಿಟಕಿಯ ಪಕ್ಕದ ಮೇಜು, ಒದ್ದರೆ ಮಾತ್ರ ಮುಚ್ಚುವ ಕಬ್ಬಿಣದ ಬೀರು, ಕೆಳಗಿನ ಸೈಕಲ್ ಸ್ಟ್ಯಾಂಡಿನ ಗಲಾಟೆ, ಎಲ್ಲವೂ ಅವರ ಜೊತೆಗೇ ಮುದಿಯಾಗಿದ್ದವು.

ಎರಡನೇ ಸಂಪುಟದ ಕೆಲಸ ನಡೆಯುತ್ತಿದ್ದಾಗ ಆ ಕಾಗದ ಬಂತು. ಲೆಕ್ಕದ ಪುಸ್ತಕದಿಂದ ಹರಿದ ಹಾಳೆ, ಉರುಟು ಅಕ್ಷರ. ಬರೆದವನು ಪಂಪು ರಿಪೇರಿ ಮಾಡುವ ಮೇಸ್ತ್ರಿ. "ಸ್ವಾಮಿ, ಕೆಲವು ಬಾವಿಗಳು ಉಸಿರಾಡುತ್ತವೆ. ಒಂದು ದಿನ ಗಾಳಿ ಎಳೆದುಕೊಳ್ಳುತ್ತವೆ, ಇನ್ನೊಂದು ದಿನ ಬಿಡುತ್ತವೆ. ನಿಮ್ಮ ಪುಸ್ತಕದಲ್ಲಿ ಇದು ಇಲ್ಲ. ದಯಮಾಡಿ ಹಾಕಬೇಕು. ಬಾವಿಯ ಲೇಖನದೊಳಗೆ ಬೇಡ, ಬೇರೆಯಾಗಿಯೇ ಹಾಕಬೇಕು" ಎಂದು ಬರೆದಿದ್ದ.

ಇಂಥ ಕಾಗದಗಳು ವಾರಕ್ಕೆ ಹತ್ತು ಬರುತ್ತಿದ್ದವು. ತಮ್ಮ ಅಜ್ಜನ ಹೆಸರು ಹಾಕಿ ಎನ್ನುವವರು, ತಮ್ಮ ಹಿತ್ತಲ ಬಂಡೆ ಆಕಾಶದಿಂದ ಬಿದ್ದದ್ದು ಎನ್ನುವವರು. ಎಲ್ಲರಿಗೂ ಒಂದೇ ಅಚ್ಚಾದ ಕಾರ್ಡು: ತಮ್ಮ ಸಲಹೆಗೆ ಧನ್ಯವಾದ, ಪರಿಶೀಲಿಸಲಾಗುವುದು. ಮೇಸ್ತ್ರಿಗೂ ಅದೇ ಹೋಯಿತು. ತಿಂಗಳಾದ ಮೇಲೆ ಎರಡನೇ ಕಾಗದ ಬಂತು, ಎರಡನೇ ಕಾರ್ಡು ಹೋಯಿತು. ಮೂರನೇ ಸಲ ಕಾಗದ ಬರಲಿಲ್ಲ. ಮೇಸ್ತ್ರಿಯೇ ಬಂದ.

ಐವತ್ತರ ಆಸುಪಾಸಿನ ಆಳು. ಎಷ್ಟು ತೊಳೆದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿತ್ತು. ಕಂಕುಳಲ್ಲಿ ಒಂದು ನೋಟುಪುಸ್ತಕ. ಕೂತುಕೊಳ್ಳಿ ಎಂದರೂ ಕುರ್ಚಿಯ ಅಂಚಿಗಷ್ಟೇ ಕೂತ.

"ಮೇಡಂ, ಎರಡು ಕಾರ್ಡು ಬಂತು. ಎರಡರಲ್ಲೂ ಪರಿಶೀಲಿಸಲಾಗುವುದು ಅಂತಿದೆ. ಪರಿಶೀಲಿಸಿದ್ರಾ?"

ಕತ್ತರಿ ಮೇಡಂಗೆ ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ. "ಇಲ್ಲ" ಎಂದರು. ಆಮೇಲೆ ಎಲ್ಲರಿಗೂ ಹೇಳುವುದನ್ನೇ ಹೇಳಿದರು. "ನೋಡಿ, ಇಲ್ಲಿ ಒಂದು ನಿಯಮ ಇದೆ. ಒಂದು ವಿಷಯಕ್ಕೆ ಬೇರೆ ಲೇಖನ ಕೊಡಬೇಕು ಅಂದ್ರೆ ಅದರ ಬಗ್ಗೆ ಮೂರು ಕಡೆ ಅಚ್ಚಾಗಿರಬೇಕು. ಇನ್ನೊಂದು ಲೇಖನದೊಳಗೆ ಸೇರಿಸೋಕೆ ಆಗದ ವಿಷಯ ಆಗಿರಬೇಕು. ಬಾವಿಯ ಬಗ್ಗೆ ಹನ್ನೊಂದು ಪುಟ ಇದೆ. ಬೇಕಾದ್ರೆ ಅದರಲ್ಲಿ ಒಂದು ವಾಕ್ಯ..."

"ಹನ್ನೊಂದು ಪುಟದಲ್ಲಿ ಒಂದು ವಾಕ್ಯ ಯಾರಿಗೆ ಸಿಗುತ್ತೆ ಮೇಡಂ?" ಎಂದ ಮೇಸ್ತ್ರಿ. ದನಿ ಏರಿರಲಿಲ್ಲ. "ಅವತ್ತು ಆ ಅಧಿಕಾರಿ ಹುಡುಕಿದಾಗ ಆ ಒಂದು ವಾಕ್ಯವೂ ಇರಲಿಲ್ಲ."

"ಯಾವ ಅಧಿಕಾರಿ?"

ಆಗ ಅವನು ಹೇಳಿದ. ಅವನಿಗೊಬ್ಬ ತಮ್ಮ ಇದ್ದ. ಅಣ್ಣ ತಮ್ಮ ಇಬ್ಬರೂ ಸೇರಿಯೇ ಪಂಪಿನ ಕೆಲಸ ಮಾಡುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಬದಲಾಯಿಸಲು ಆ ತಮ್ಮ ಅರವತ್ತಡಿಯ ಬಾವಿಗೆ ಇಳಿದ. ಅವನ ಮನೆಯ ಹಿಂದಿನ ಬಾವಿಯೇ, ಹೊಸದೇನಲ್ಲ. ಹತ್ತು ದಿನದ ಹಿಂದಷ್ಟೇ ಅದೇ ಬಾವಿಗೆ ಇಳಿದು, ಒಳಗೆ ಬೀಡಿ ಹಚ್ಚಿ, ಹಾಡು ಹೇಳುತ್ತ ಮೇಲೆ ಬಂದಿದ್ದ. ಆ ಧೈರ್ಯಕ್ಕೆ ಅವತ್ತು ದೀಪ ಇಳಿಸಿ ನೋಡಲಿಲ್ಲ. ಮೋಡ ಕಟ್ಟಿ ಸೆಖೆ ಕುದಿಯುತ್ತಿತ್ತು. ಅರ್ಧ ಇಳಿದವನು ಕೈ ಬಿಟ್ಟ. ಕೂಗಲೂ ಇಲ್ಲ.

"ಮೇಲೆ ನಾನೇ ಹಗ್ಗ ಹಿಡಿದಿದ್ದೆ" ಎಂದ ಮೇಸ್ತ್ರಿ. "ಬಾವಿ ಬಾಯಿಂದ ತಣ್ಣಗೆ ಗಾಳಿ ಬರ್ತಾ ಇತ್ತು. ಸೆಖೆಗೆ ಹಾಯಾಗಿದೆ ಅಂದ್ಕೊಂಡೆ ಮೇಡಂ. ಹಾಯಾಗಿದೆ ಅಂದ್ಕೊಂಡೆ."

ಅವತ್ತೇ ಮಣ್ಣು ಮಾಡಿದರು, ಪರೀಕ್ಷೆ ಗಿರೀಕ್ಷೆ ಏನೂ ಆಗಲಿಲ್ಲ. ಮೂರು ದಿನವಾದ ಮೇಲೆ ವಿಚಾರಣೆಗೆ ಬಂದ ಅಧಿಕಾರಿಗೆ ಪಂಪಿನ ಮನೆಯಲ್ಲಿ ಒಂದು ಖಾಲಿ ಬಾಟಲಿ ಸಿಕ್ಕಿತು. ಬಿಡಿಭಾಗ ತೊಳೆಯಲು ಸೀಮೆಎಣ್ಣೆ ತಂದಿದ್ದ ಬಾಟಲಿ. ಬಾವಿಯ ಗಾಳಿಯಿಂದ ಸತ್ತ ಎಂದು ಮೇಸ್ತ್ರಿ ಪಟ್ಟು ಹಿಡಿದ. ಅಧಿಕಾರಿ ಕೆಟ್ಟವನೇನಲ್ಲ, ವಾಚನಾಲಯಕ್ಕೆ ಹೋಗಿ ವಿಶ್ವಕೋಶ ತೆಗೆದು ಹುಡುಕಿದ. ಬಾವಿಯ ಹನ್ನೊಂದು ಪುಟವನ್ನೂ ತಿರುವಿ ಹಾಕಿದ. ಆಮೇಲೆ, "ಇಷ್ಟು ದಪ್ಪ ಪುಸ್ತಕದಲ್ಲಿ ಇಲ್ಲದ್ದು ನಿನ್ನ ಬಾವಿಯಲ್ಲಿ ಎಲ್ಲಿಂದ ಬಂತಯ್ಯ?" ಎಂದು ಕೇಳಿ, ಕುಡಿದು ಕಾಲು ಜಾರಿ ಬಿದ್ದದ್ದು ಎಂದು ವರದಿ ಬರೆದು ಕೈ ತೊಳೆದುಕೊಂಡ.

"ನನ್ನ ತಮ್ಮ ಒಂದು ತೊಟ್ಟು ಕುಡಿದವನಲ್ಲ" ಎಂದು ಮೇಸ್ತ್ರಿ ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟ. "ಇದರಲ್ಲಿ ಹದಿನಾಲ್ಕು ತಿಂಗಳದ್ದು ಬರೆದಿದ್ದೀನಿ. ಯಾವ ದಿನ ಎಳೀತು, ಯಾವ ದಿನ ಬಿಡ್ತು ಅಂತ. ಓದಿ. ನಾನು ಇನ್ನು ಕಾಗದ ಬರೆಯಲ್ಲ."

ಅವನು ಹೋದ ಮೇಲೆ ಕತ್ತರಿ ಮೇಡಂ ನೋಟುಪುಸ್ತಕ ತೆರೆದರು. ಉಸಿರಾಡುವ ಬಾವಿ. ಈ ಮಾತನ್ನು ಎಲ್ಲೋ ನೋಡಿದ ಹಾಗಿತ್ತು. ಎರಡು ದಿನ ತಲೆ ಕೆರೆದುಕೊಂಡರು. ಮೂರನೇ ದಿನ ಹಿಂದಿನ ಕೋಣೆಗೆ ಹೋಗಿ, ಮೊದಲ ಆವೃತ್ತಿಯ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದರು. ಧೂಳಿಗೆ ಸೀನು ಬಂತು, ಮಂಡಿ ಹಿಡಿದುಕೊಂಡಿತು. ಸಾಕು ಎಂದು ಏಳುವ ಹೊತ್ತಿಗೆ, ಬಿಟ್ಟುಹೋದ ಲೇಖನಗಳು ಎಂಬ ಕಟ್ಟಿನಲ್ಲಿ ಅದು ಸಿಕ್ಕಿತು.

ಅರ್ಧ ಪುಟದ ಬೆರಳಚ್ಚು ಪ್ರತಿ. ತಲೆಬರಹ: ಉಸಿರಾಡುವ ಬಾವಿ. ಬರೆದವರು ಒಬ್ಬ ಮುದುಕ ಪ್ರಾಧ್ಯಾಪಕರು, ಈಗಿಲ್ಲ. ವಾಯುವಿನ ಒತ್ತಡ ಇಳಿದಾಗ ನೆಲದೊಳಗಿನ ಬಿರುಕು ಪೊಟರೆಗಳ ಗಾಳಿ ಬಾವಿಯ ಮೂಲಕ ಹೊರಬರುತ್ತದೆ, ಏರಿದಾಗ ಒಳಹೋಗುತ್ತದೆ. ಹೊರಬರುವ ಗಾಳಿಯಲ್ಲಿ ಪ್ರಾಣವಾಯು ಕಡಿಮೆ ಇರಬಹುದಾದ್ದರಿಂದ, ಮಳೆಗೆ ಮುಂಚಿನ ದಿನಗಳಲ್ಲಿ ಇಂಥ ಬಾವಿಗೆ ಇಳಿಯುವುದು ಅಪಾಯ. ಇಷ್ಟೂ ಅದರಲ್ಲಿತ್ತು. ಮೂಲೆಯಲ್ಲಿ ಗುಂಡುಸೂಜಿ ಚುಚ್ಚಿದ ಚೀಟಿ, ನೀಲಿ ಶಾಯಿ, ದುಂಡು ಅಕ್ಷರ: "ಅಪರೂಪದ ವಿಷಯ. ಸ್ವತಂತ್ರ ಲೇಖನಕ್ಕೆ ಅರ್ಹವಲ್ಲ. ‘ಬಾವಿ’ಯಲ್ಲಿ ಸೇರಿಸಬಹುದು."

ಕೆಳಗೆ ಅವರದೇ ಸಹಿ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದಾಗಿನದು. ಹೀಗೆ ಇಲ್ಲಿಂದ ತೆಗೆದದ್ದು ‘ಬಾವಿ’ಗಾದರೂ ಹೋಯಿತೇ ಎಂದರೆ, ಬಾವಿಯ ಲೇಖನ ನೋಡಿಕೊಳ್ಳುತ್ತಿದ್ದವರು ಜಾಗವಿಲ್ಲವೆಂದು ಅಲ್ಲಿಯೂ ಕೈಬಿಟ್ಟಿದ್ದರು. ಯಾರದೂ ತಪ್ಪಿಲ್ಲ. ಎಲ್ಲರೂ ನಿಯಮದ ಪ್ರಕಾರವೇ ಮಾಡಿದ್ದರು.

ಕತ್ತರಿ ಮೇಡಂ ಇದ್ದದ್ದು ಒಂದು ಇಸ್ತ್ರಿ ಅಂಗಡಿಯ ಮಹಡಿಯ ಎರಡು ಕೋಣೆಗಳಲ್ಲಿ. ಗಂಡ ತೀರಿಕೊಂಡು ಹನ್ನೊಂದು ವರ್ಷ. ಗಂಡನ ತಂಗಿ ಜೊತೆಗಿದ್ದಳು. ಆಕೆಗೆ ಹೊಲಿಗೆ ಕೆಲಸ, ಬಾಯಿಗೂ ಯಂತ್ರಕ್ಕೂ ಒಂದೇ ವೇಗ. ಅವತ್ತು ಸಂಜೆ ಅತ್ತಿಗೆ ಬಂದು ಚಪ್ಪಲಿ ಬಿಡದೇ ಕೂತದ್ದು ನೋಡಿ ನಾದಿನಿ ಯಂತ್ರ ನಿಲ್ಲಿಸಿದಳು.

"ಏನಾಯ್ತು ಅತ್ತಿಗೆ? ಮುಖ ಯಾಕೆ ಹಿಂಗಿದೆ?"

ಕತ್ತರಿ ಮೇಡಂ ಎಲ್ಲ ಹೇಳಿದರು. ನಾದಿನಿ ಕೇಳಿಸಿಕೊಂಡು, ಬಾಯಲ್ಲಿ ಕಚ್ಚಿದ್ದ ದಾರ ತುಂಡು ಮಾಡಿ ಹೇಳಿದಳು. "ಬಾವಿಗೆ ಇಳಿಯೋನು ವಿಶ್ವಕೋಶ ಓದ್ಕೊಂಡು ಇಳೀತಾನಾ? ನೀವು ಹಾಕಿದ್ರೂ ಅವನು ಸಾಯ್ತಿದ್ದ. ಸುಮ್ನೆ ತಲೆಗೆ ಹಚ್ಕೋಬೇಡಿ."

"ಸಾಯ್ತಿದ್ದ, ಅದು ಸರಿ" ಎಂದರು ಕತ್ತರಿ ಮೇಡಂ. "ಕುಡುಕ ಅನ್ನಿಸ್ಕೊಳ್ತಿರಲಿಲ್ಲ."

ನಾದಿನಿ ಅವತ್ತು ಮತ್ತೆ ಯಂತ್ರ ಶುರುಮಾಡಲಿಲ್ಲ.

ಮುಂದಿನ ಭಾನುವಾರ ಕತ್ತರಿ ಮೇಡಂ ಎರಡು ಬಸ್ಸು ಬದಲಾಯಿಸಿ ಮೇಸ್ತ್ರಿಯ ಊರಿಗೆ ಹೋದರು. ಮೂವತ್ತೊಂದು ವರ್ಷ ಭೂಮಿಯ ವಿಷಯ ತಿದ್ದಿದ್ದರೂ, ತಿದ್ದಿದ್ದನ್ನು ಕಣ್ಣಾರೆ ನೋಡಲು ಹೊರಟದ್ದು ಅದೇ ಮೊದಲು. ದಾರಿಯುದ್ದಕ್ಕೂ ಇದರಿಂದ ಏನು ಬಂತು, ತಿರುಗಿ ಹೋಗಿಬಿಡಲೇ ಎಂದುಕೊಂಡರು. ತಿರುಗಿ ಹೋಗಲೂ ಎರಡು ಬಸ್ಸು ಹತ್ತಬೇಕಿತ್ತು, ಅದಕ್ಕೇ ಮುಂದೆ ಹೋದರು.

ಬಾವಿಯ ಮೇಲೆ ಈಗ ಚಪ್ಪಡಿ ಎಳೆದಿದ್ದರು. ನಡುವೆ ಮುಷ್ಟಿ ಗಾತ್ರದ ಒಂದು ಕೊಳವೆ ಮಾತ್ರ ಮೇಲೆ ಚಾಚಿಕೊಂಡಿತ್ತು. ಅದರ ಬಾಯಿಗೆ ಬಟ್ಟೆಯ ಚೂರೊಂದನ್ನು ಕಟ್ಟಿದ್ದರು. ಸತ್ತವನ ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನಲವತ್ತೂ ದಾಟದ ಹೆಂಗಸು. ಬನ್ನಿ ಎನ್ನಲಿಲ್ಲ, ಒಂದು ಸ್ಟೂಲು ತಂದಿಟ್ಟಳು.

ಬೆಳಗ್ಗೆ ಹನ್ನೊಂದಕ್ಕೆ ಬಟ್ಟೆಯ ಚೂರನ್ನು ಕೊಳವೆ ಒಳಕ್ಕೆ ಎಳೆದುಕೊಂಡಿತ್ತು. ಯಾರೋ ಕೆಳಗಿನಿಂದ ಹಿಡಿದು ಜಗ್ಗುತ್ತಿರುವ ಹಾಗೆ. "ಈಗ ಎಳೀತಾ ಇದೆ" ಎಂದ ಮೇಸ್ತ್ರಿ. ಕತ್ತರಿ ಮೇಡಂ ಕೊಡೆ ಬಿಚ್ಚಿಕೊಂಡು ಸ್ಟೂಲಿನ ಮೇಲೆ ಕಾದರು. ಒಂದು ಗಂಟೆಯಾಯಿತು, ಎರಡಾಯಿತು. ಮೂರರ ಹೊತ್ತಿಗೆ ಪಡುವಣದಲ್ಲಿ ಮೋಡ ಏರಿತು, ಮೈ ಜಿಗುಟಾಯಿತು. ಬಟ್ಟೆ ಸಡಿಲವಾಗಿ ಜೋತುಬಿತ್ತು. ನಾಲ್ಕಕ್ಕೆ ಮೆಲ್ಲಗೆ ಹೊರಗೆ ಬಂದು, ನಡುಗುತ್ತ ಮೇಲಕ್ಕೆ ನಿಂತುಕೊಂಡಿತು. ಕೊಳವೆಯಿಂದ ಸಣ್ಣಗೆ ಊಳಿಡುವ ಸದ್ದು.

ಕತ್ತರಿ ಮೇಡಂ ಎದ್ದು ಅಂಗೈ ಒಡ್ಡಿದರು. ತಣ್ಣನೆಯ, ತೇವದ ಗಾಳಿ. ಹಸಿಮಣ್ಣಿನ ವಾಸನೆ. ನಿಜಕ್ಕೂ ಹಾಯಾಗಿತ್ತು. ಹಾಯಾಗಿದೆ ಎಂದು ಅನ್ನಿಸಿದ ಕೂಡಲೇ ಕೈ ಹಿಂದೆಗೆದುಕೊಂಡರು. ಮೇಸ್ತ್ರಿ ಚಪ್ಪಡಿಯ ಮೂಲೆಯ ಸಣ್ಣ ಮುಚ್ಚಳ ತೆಗೆದು ಒಂದು ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಸಿದ. ಇಪ್ಪತ್ತಡಿ ಇಳಿಯುವುದರೊಳಗೆ ಬೆಳಕು ಕುಗ್ಗಿತು. ಇನ್ನೈದು ಅಡಿಗೆ ಆರಿಹೋಯಿತು.

"ಬೆಳಗ್ಗೆ ಇಳಿಸಿದ್ರೆ ತಳದವರೆಗೂ ಉರೀತಿತ್ತು" ಎಂದ.

ಹೊರಡುವಾಗ ಆ ಹೆಂಗಸು ಮೊದಲ ಸಲ ಬಾಯಿ ಬಿಟ್ಟಳು. "ಅಮ್ಮಾ, ಅವರು ಕುಡೀತಿರಲಿಲ್ಲ ಅಂತ ನಿಮ್ಮ ಪುಸ್ತಕದಲ್ಲಿ ಬರೀತೀರಾ?"

"ಅದು ಬರಲ್ಲಮ್ಮ. ಬಾವಿ ಉಸಿರಾಡುತ್ತೆ ಅಂತ ಬರಬಹುದು. ಅದೂ ಬರಬಹುದು ಅಷ್ಟೇ."

"ಹಾಗಾದ್ರೆ ಬಾವಿಗೆ ಒಳ್ಳೇದಾಯ್ತು ಬಿಡಿ" ಎಂದು ಆಕೆ ಸ್ಟೂಲು ಎತ್ತಿಕೊಂಡು ಒಳಗೆ ಹೋದಳು.

ಸಂಪಾದಕರ ಸಭೆ ಪ್ರತಿ ತಿಂಗಳ ಮೊದಲ ಗುರುವಾರ. ಆ ಸಲ ಪಟ್ಟಿಯಲ್ಲಿ ಇಪ್ಪತ್ತೆರಡು ವಿಷಯಗಳಿದ್ದವು, ಉಸಿರಾಡುವ ಬಾವಿ ಇಪ್ಪತ್ತೊಂದನೆಯದು. ಅದರ ಸರದಿ ಬರುವ ಹೊತ್ತಿಗೆ ಊಟದ ಸಮಯ ಮೀರಿ, ಎಲ್ಲರ ಕಣ್ಣೂ ಗಡಿಯಾರದ ಮೇಲಿತ್ತು. ಕತ್ತರಿ ಮೇಡಂ ಎದ್ದು ನಿಂತು ವಿಷಯ ಹೇಳಿದರು. ಮೂವತ್ತೊಂದು ವರ್ಷದಲ್ಲಿ ಅವರು ಲೇಖನ ಬೇಡ ಎಂದು ವಾದಿಸಿದ್ದನ್ನಷ್ಟೇ ಕೇಳಿದ್ದ ಪ್ರಧಾನ ಸಂಪಾದಕರು ಕನ್ನಡಕ ತೆಗೆದು ಒರೆಸಿಕೊಂಡರು.

"ನೀವು ಬೇಕು ಅಂತಿದ್ದೀರಾ? ಸರಿಯಾಗಿ ಕೇಳಿಸ್ತಾ ನನಗೆ?"

"ಬೇಕು ಸರ್."

ಸಸ್ಯಶಾಸ್ತ್ರದ ಸಂಪಾದಕರು ಮೂಗು ಮುರಿದರು. ಅವರಿಗೆ ಕತ್ತರಿ ಮೇಡಂ ಮೇಲೆ ಹಳೇ ಸಿಟ್ಟು. ಪಾಚಿಯ ಒಂದು ಜಾತಿಗೆ ಅರ್ಧ ಪುಟ ಕೇಳಿದಾಗ ತಡೆದವರು ಇದೇ ಮೇಡಂ. "ಹೀಗೇ ಬಿಟ್ರೆ ನಾಳೆ ಕೆಮ್ಮುವ ಕೆರೆ, ಆಕಳಿಸುವ ಗುಡ್ಡ ಅಂತ ಕಾಗದ ಬರುತ್ತೆ. ಎಲ್ಲೋ ನಾಲ್ಕು ಬಾವಿ ಊದುತ್ತೆ. ಅದನ್ನ ಬಾವಿಯಲ್ಲೇ ಒಂದು ಸಾಲು ಹಾಕಿ ಮುಗಿಸಿ."

"ಬಾವಿ ಊದ್ತಾ ಇದೆ ಅಂತ ಕಣ್ಣಾರೆ ಕಂಡವನು ಅದೇ ಹೆಸರಲ್ಲಿ ಹುಡುಕ್ತಾನೆ ಸರ್. ಹನ್ನೊಂದು ಪುಟದ ಏಳನೇ ಪುಟದ ಕೊನೇ ಪ್ಯಾರಾದಲ್ಲಿ ಹುಡುಕಲ್ಲ."

ಪ್ರಧಾನ ಸಂಪಾದಕರು ನಿಟ್ಟುಸಿರು ಬಿಟ್ಟರು. "ಪ್ರಪಂಚದಲ್ಲಿ ಇರೋದಕ್ಕೆಲ್ಲ ಒಂದೊಂದು ಲೇಖನ ಕೊಡೋಕೆ ಇದೇನು ಪ್ರಪಂಚಾನಾ? ವಿಶ್ವಕೋಶ ಕಣಮ್ಮ. ಆಧಾರ ಎಷ್ಟಿದೆ?"

"ಎರಡು. ಎರಡೂ ಪರದೇಶದ ಪತ್ರಿಕೆಯವು."

"ಮೂರನೇದು?"

ಕತ್ತರಿ ಮೇಡಂ ಆ ಹಳೇ ಬೆರಳಚ್ಚು ಪ್ರತಿಯನ್ನು ಮೇಜಿನ ನಡುವೆ ಇಟ್ಟರು. ಚೀಟಿಯನ್ನು ಬಿಚ್ಚಿರಲಿಲ್ಲ. "ಇದು ಅಚ್ಚಾಗಿದ್ರೆ ಮೂರನೇದು ಆಗ್ತಿತ್ತು. ಆಗಲಿಲ್ಲ. ಯಾಕೆ ಅಂತ ಆ ಚೀಟಿಯಲ್ಲಿದೆ. ಅದು ನನ್ನ ಕೈಬರಹ."

ಚೀಟಿ ಕೈಯಿಂದ ಕೈಗೆ ಹೋಯಿತು. ಸಸ್ಯಶಾಸ್ತ್ರದವರು ಅದನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು. ಏನೋ ಚುಚ್ಚಿ ಮಾತಾಡುತ್ತಾರೆ ಎಂದುಕೊಂಡರೆ, "ಆಗ ನಿಮಗೆ ಇಪ್ಪತ್ತಾರೋ ಇಪ್ಪತ್ತೇಳೋ. ಬಿಡಿ ಮೇಡಂ" ಎಂದರು.

"ಬಿಡೋಕೆ ಆಗಿದ್ರೆ ಬಿಡ್ತಿದ್ದೆ ಸರ್. ಪುಸ್ತಕದಲ್ಲಿ ಇಲ್ಲ ಅನ್ನೋದನ್ನೇ ಒಬ್ಬರು ಸಾಕ್ಷಿ ಮಾಡ್ಕೊಂಡಿದ್ದಾರೆ. ನಾವು ಜಾಗ ಇಲ್ಲ ಅಂತ ಬಿಟ್ವಿ. ಅವರು ಅಂಥದ್ದೇ ಇಲ್ಲ ಅಂತ ಓದಿದ್ರು."

ಯಾರದೋ ಹೊಟ್ಟೆ ಗುರುಗುಟ್ಟಿತು. ಕೊನೆಗೆ ಪ್ರಧಾನ ಸಂಪಾದಕರು ಹೇಳಿದರು. "ಮೂರನೇ ಆಧಾರ ತನ್ನಿ. ಒಂದು ಸಾಲೂ ಹೆಚ್ಚಾಗಬಾರದು. ಎಷ್ಟು ಹಾಕ್ತೀರೋ ಅಷ್ಟನ್ನ ಅದರ ಅಕ್ಕಪಕ್ಕದ ಲೇಖನದಿಂದ, ಅದೂ ನಿಮ್ಮ ವಿಭಾಗದ್ದರಿಂದಲೇ ತೆಗೀಬೇಕು. ಒಪ್ಪಿದ್ರೆ ಆಯ್ತು. ಇಪ್ಪತ್ತೆರಡನೇ ವಿಷಯ ಮುಂದಿನ ತಿಂಗಳಿಗೆ." ಎಲ್ಲರೂ ಒಟ್ಟಿಗೇ ಎದ್ದರು. ಗೆದ್ದೆನೋ, ಹಸಿವು ಗೆಲ್ಲಿಸಿತೋ ಕತ್ತರಿ ಮೇಡಂಗೆ ಗೊತ್ತಾಗಲಿಲ್ಲ.

ಮೂರನೇ ಆಧಾರಕ್ಕೆ ಏಳು ಶನಿವಾರ ಹಿಡಿಯಿತು. ಭೂಮಾಪನ ಇಲಾಖೆಯ ಹಳೇ ವರದಿಗಳು ಒಂದು ನೆಲಮಾಳಿಗೆಯಲ್ಲಿದ್ದವು. ಅಲ್ಲಿನ ಗ್ರಂಥಪಾಲಕನಿಗೆ ಬೀಗದ ಕೈ ಹುಡುಕುವುದೇ ಅರ್ಧ ದಿನದ ಕೆಲಸ. ಹುಳ ತಿಂದ ಪುಟಗಳನ್ನು ಊದಿ ಊದಿ ಬಿಡಿಸಬೇಕು. ಆರನೇ ಶನಿವಾರ ಕತ್ತರಿ ಮೇಡಂ ಇನ್ನು ಬರುವುದಿಲ್ಲ ಎಂದು ತೀರ್ಮಾನಿಸಿ ಮನೆಗೆ ಹೋದರು. ಏಳನೇ ಶನಿವಾರ ಮತ್ತೆ ಬಂದರು. ಅವತ್ತು ಎಂಬತ್ತು ವರ್ಷ ಹಳೆಯ ವರದಿಯೊಂದರ ಅಡಿಟಿಪ್ಪಣಿಯಲ್ಲಿ ಎರಡು ಸಾಲು ಸಿಕ್ಕಿತು: "ಈ ಭಾಗದ ಕೆಲವು ಬಾವಿಗಳು ಮಳೆಗೆ ಮುಂಚೆ ಗಾಳಿ ಊದುತ್ತವೆಂದು ಜನರು ಹೇಳುತ್ತಾರೆ. ಪರೀಕ್ಷಿಸಲು ಸಮಯವಿರಲಿಲ್ಲ."

ಪ್ರಧಾನ ಸಂಪಾದಕರು ಅದನ್ನು ಓದಿ, "ಇದೊಂದು ಆಧಾರವಾ?" ಎಂದರು.

"ಜನ ಹೇಳ್ತಾರೆ ಅನ್ನೋದು ಅಚ್ಚಾಗಿದೆಯಲ್ಲ ಸರ್."

ಅವರು ಕತ್ತರಿ ಮೇಡಂ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಸಹಿ ಹಾಕಿದರು.

ಹಳೇ ಪ್ರಾಧ್ಯಾಪಕರ ಅರ್ಧ ಪುಟವನ್ನು ತಿದ್ದಿ ಹತ್ತೊಂಬತ್ತು ಸಾಲಿಗೆ ತಂದರು. ಕೊನೆಯ ಮೂರು ಸಾಲು ಮೇಸ್ತ್ರಿಯ ನೋಟುಪುಸ್ತಕದಿಂದ ಕಲಿತದ್ದು: ಒಂದು ದಿನ ನಿರಪಾಯವಾಗಿದ್ದ ಬಾವಿ ಇನ್ನೊಂದು ದಿನ ಪ್ರಾಣ ತೆಗೆಯಬಹುದು, ಆದ್ದರಿಂದ ಇಳಿಯುವ ಪ್ರತಿ ಸಲವೂ ದೀಪ ಇಳಿಸಿ ನೋಡಬೇಕು. ಇನ್ನು ಹತ್ತೊಂಬತ್ತು ಸಾಲು ತೆಗೆಯುವುದು ಎಲ್ಲಿಂದ? ಅಕಾರಾದಿಯಲ್ಲಿ ಹಿಂದಿನ ಲೇಖನ ಉಸಿರಾಟ. ಅದು ವೈದ್ಯ ವಿಭಾಗದ್ದು, ಮುಟ್ಟುವಂತಿಲ್ಲ. ಮುಂದಿನದು ಉಸುಕು. ಅದು ಅವರ ವಿಭಾಗದ್ದೇ. ಅಷ್ಟೇ ಅಲ್ಲ, ಇಡೀ ಕೋಶದಲ್ಲಿ ಅವರೇ ಕೂತು ಬರೆದ ಲೇಖನವೆಂದರೆ ಅದೊಂದೇ.

ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಹೊಳೆಯ ದಂಡೆಯಲ್ಲಿ ಕೂತಿದ್ದಾಗ, ಅವನು ಒಂದು ಹಿಡಿ ಉಸುಕನ್ನು ಬಿಳಿ ಕರವಸ್ತ್ರದ ಮೇಲೆ ಹರಡಿ, ಕಾಳು ಆರಿಸುವ ಹಾಗೆ ಬಣ್ಣ ಆರಿಸಿದ್ದ. ಹಳದಿ, ಕೆಂಪು, ಕಪ್ಪು, ಗಾಜಿನ ಹಾಗೆ ಹೊಳೆಯುವುದು, ಒಂದೆರಡು ಹಸಿರು. "ನೋಡೇ, ನಿನ್ನ ಉಸುಕಿಗೆ ಬಣ್ಣವೇ ಇಲ್ಲ ಅಂತಿದ್ಯಲ್ಲ" ಎಂದು ನಕ್ಕಿದ್ದ. ಯಾವ ಬಣ್ಣ ಯಾವ ಕಲ್ಲಿನಿಂದ ಬರುತ್ತದೆ ಎಂಬ ಪ್ಯಾರಾ ಹುಟ್ಟಿದ್ದು ಅಲ್ಲಿ. ಮೇಡಂ ಸಾಲು ಎಣಿಸಿದರು. ಇಪ್ಪತ್ತಿತ್ತು. ಪೆನ್ಸಿಲ್ ತೆಗೆದು ಹತ್ತೊಂಬತ್ತನ್ನು ಹೊಡೆದುಹಾಕಿ, ಒಂದನ್ನು ಉಳಿಸಿದರು: ಉಸುಕಿಗೆ ಹಲವು ಬಣ್ಣಗಳಿರುತ್ತವೆ. ಆಮೇಲೆ ಪೆನ್ಸಿಲ್ ಕೆಳಗಿಟ್ಟು ಮುಖ ತೊಳೆಯಲು ಎದ್ದು ಹೋದರು.

ಸಂಪುಟ ಆರು ತಿಂಗಳಿಗೆ ಹೊರಬಂತು. ಒಂದು ಪ್ರತಿ ಮೇಸ್ತ್ರಿಗೆ ಅಂಚೆಯಲ್ಲಿ ಹೋಯಿತು, ಉತ್ತರ ಬರಲಿಲ್ಲ. ಆ ಪುಟದ ಬಗ್ಗೆ ಬಂದ ಓದುಗರ ಕಾಗದ ಒಂದೇ ಒಂದು. ಒಬ್ಬ ನಿವೃತ್ತ ಶಾಲಾ ಮಾಸ್ತರರು, ಉಸುಕಿನ ಲೇಖನ ಹಿಂದಿನ ಆವೃತ್ತಿಗಿಂತ ಬಡವಾಗಿದೆ, ಸಂಪಾದಕರ ಅಸಡ್ಡೆ ಎದ್ದು ಕಾಣುತ್ತದೆ ಎಂದು ಬರೆದಿದ್ದರು. ಅವರಿಗೆ ಕಾರ್ಡು ಕಳಿಸಿದ್ದಾಯಿತು.

ಮನೆಯಲ್ಲಿ ನಾದಿನಿ ಹೊಸ ಸಂಪುಟ ತಿರುವಿ ಹಾಕುತ್ತಿದ್ದವಳು ಒಂದು ಪುಟದಲ್ಲಿ ನಿಂತಳು. ಪುಟ ಹಿಂದೆ ಮುಂದೆ ಮಾಡಿ ನೋಡಿದಳು.

"ಅತ್ತಿಗೆ, ಅಣ್ಣ ಹೇಳಿದ್ದ ಬಣ್ಣದ ವಿಷಯ ಎಲ್ಲಿ?"

"ತೆಗೆದೆ. ಜಾಗ ಬೇಕಿತ್ತು."

"ಜಾಗ ಬೇಕಿತ್ತು!" ಎಂದಳು ನಾದಿನಿ. ಎರಡು ದಿನ ಯಂತ್ರವೊಂದೇ ಮಾತಾಡಿತು. ಊಟಕ್ಕೆ ತಟ್ಟೆ ಇಡುವ ಸದ್ದಿನಲ್ಲೇ ಬೈಗುಳ ಕೇಳಿಸುತ್ತಿತ್ತು. ಕತ್ತರಿ ಮೇಡಂ ಸಮಜಾಯಿಷಿ ಹೇಳಲು ಹೋಗಲಿಲ್ಲ.

ಮೂರನೇ ದಿನ ಕಚೇರಿಗೆ ಮೇಸ್ತ್ರಿಯ ಫೋನು ಬಂತು. ಯಾವುದೋ ಅಂಗಡಿಯಿಂದ ಮಾತಾಡುತ್ತಿದ್ದ, ಹಿಂದೆ ಗಲಾಟೆಯಿತ್ತು.

"ಮೇಡಂ, ಪುಸ್ತಕ ಬಂತು. ಓದಿದೆ. ನನ್ನ ತಮ್ಮನ ವಿಷಯ ಎಲ್ಲೂ ಇಲ್ಲ."

"ಇರಲ್ಲ ಅಂತ ಅವತ್ತೇ ಹೇಳಿದ್ದೆನಲ್ಲ."

"ಹೇಳಿದ್ರಿ. ಆದ್ರೂ ನೋಡಿದೆ." ಅಂಗಡಿಯ ಗಲಾಟೆಗೆ ದನಿ ಏರಿಸಿದ. "ಪುಟ ತಗೊಂಡು ಆ ಕಚೇರಿಗೆ ಹೋದೆ. ಹಳೇ ಅಧಿಕಾರಿ ವರ್ಗ ಆಗಿದ್ದಾನೆ. ಈಗಿರೋದು ಒಬ್ಬರು ಹೆಂಗಸು. ಮುಗಿದ ಫೈಲು ತೆಗೆಯಲ್ಲ ಅಂದ್ರು. ನಾಲ್ಕು ಸಲ ಹೋದೆ. ಐದನೇ ಸಲ ತೆಗೆದ್ರು. ಕುಡಿದು ಅನ್ನೋ ಮಾತು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಿದ್ರು."

"ಗಾಳಿಯಿಂದ ಅಂತ ಬರೆದ್ರಾ?"

"ಇಲ್ಲ. ಅದಕ್ಕೆ ಬೇರೆ ವಿಚಾರಣೆ ಆಗ್ಬೇಕಂತೆ. ಹೊಡೆದು ಹಾಕಿದ್ದಷ್ಟೇ. ಈಗ ಕಾಲು ಜಾರಿ ಬಿದ್ದದ್ದು ಅಂತ ಮಾತ್ರ ಇದೆ."

ಕಾಲು ಜಾರಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ. ಇನ್ನೊಂದು ವಿಷಯ ಎಂದು ಮೇಸ್ತ್ರಿ ಮುಂದುವರಿಸಿದ. ಪಕ್ಕದ ಊರಿನವರು ಬಾವಿ ಹೂಳೆತ್ತುವ ಮುಂಚೆ ಇವನನ್ನು ಕರೆಸಿದ್ದರಂತೆ. ದೀಪ ಆರಿದ್ದಕ್ಕೆ ಇಳಿಯಬೇಡಿ ಎಂದನಂತೆ. ಹಿಂದೆಯೂ ಇದನ್ನೇ ಹೇಳುತ್ತಿದ್ದ, ಆಗ ತಮ್ಮ ಸತ್ತ ಮೇಲೆ ಇವನಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಈ ಸಲ ಪುಟ ತೋರಿಸಿದ. ಬೈದುಕೊಂಡರೂ ಅವತ್ತು ಯಾರೂ ಇಳಿಯಲಿಲ್ಲ. ಇದನ್ನು ಅವನು ದೊಡ್ಡ ವಿಷಯದ ಹಾಗೆ ಹೇಳಲಿಲ್ಲ. ಅಂಗಡಿಯವನು ಅವಸರ ಮಾಡಿದ್ದರಿಂದ ಫೋನು ಇಟ್ಟುಬಿಟ್ಟ.

ಸಂಜೆ ಮನೆಗೆ ಬಂದು ಕತ್ತರಿ ಮೇಡಂ ಮಂಚದ ಮೇಲೆ ಕಾಲು ಚಾಚಿದರು. ಮಂಡಿ ಕಲ್ಲಾಗಿತ್ತು. ಫೋನಿನ ವಿಷಯವನ್ನು ಗೋಡೆಗೆ ಹೇಳುವ ಹಾಗೆ ಹೇಳಿದರು. ನಾದಿನಿ ತಲೆ ಎತ್ತದೆ ಗುಂಡಿ ಹೊಲಿಯುತ್ತಿದ್ದಳು. ಇನ್ನೊಂದು ಗುಂಡಿ ಕೈಗೆತ್ತಿಕೊಳ್ಳುತ್ತ ಕೇಳಿದಳು.

"ಆ ಸತ್ತವನ ಹೆಂಡತಿ ಏನಂದಳಂತೆ?"

"ಕೇಳೋಕೆ ಮರೆತೆ."

"ಏನು ಅತ್ತಿಗೆ ನೀವು! ಅದನ್ನಲ್ಲವಾ ಮೊದಲು ಕೇಳೋದು?"

"ಸುಸ್ತಾಗಿತ್ತು ಕಣೆ."

"ಸುಸ್ತು ಯಾರಿಗಿಲ್ಲ" ಎಂದು ನಾದಿನಿ ದಾರ ಕಡಿದಳು. "ಭಾನುವಾರ ಹೋಗಿ ಕೇಳ್ಕೊಂಡು ಬರೋಣ. ನಾನೂ ಬರ್ತೀನಿ. ಅಣ್ಣನ ಜಾಗದಲ್ಲಿ ಬಂದು ಕೂತಿರೋ ಆ ಬಾವಿಯನ್ನ ನಾನೂ ಒಂದ್ಸಲ ನೋಡ್ಬೇಕು."

"ಎರಡು ಬಸ್ಸು ಬದಲಾಯಿಸ್ಬೇಕು."

"ಬದಲಾಯಿಸೋಣ."

ಕತ್ತರಿ ಮೇಡಂ ಹೂಂ ಎಂದರು. ಕೆಳಗಿನ ಇಸ್ತ್ರಿ ಅಂಗಡಿಯವನು ಬಾಗಿಲು ಎಳೆಯುತ್ತಿದ್ದ. ಆ ಸದ್ದು ನಿಲ್ಲುವುದರೊಳಗೆ, ಚಪ್ಪಲಿಯನ್ನೂ ಬಿಚ್ಚದೆ ಅವರು ನಿದ್ದೆ ಹೋಗಿದ್ದರು.